ಸ್ಕೀಗಳ ಡೊಂಕು ತೆಗೆದ ಗುರುಪಾದಪ್ಪನವರಿಗೆ

ಗೊರಗುಂಟೆಪಾಳ್ಯ,
೨೦ ಜನವರಿ ೧೯೮೬

ಶ್ರೀ ಗುರುಪಾದಪ್ಪನವರ ಸಮ್ಮುಖಕ್ಕೆ,
ಮುಖ್ಯ ತಪಾಸಣಾಧಿಕಾರಿಗಳು, ಒಳಬರುವ ಸರಕು ವಿಭಾಗ

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಮೇಜಿನ ಮೇಲಿರುವ ಮೈಕ್ರೋಮೀಟರುಗಳೂ ಕುಶಲವಾಗಿರುವಿರೆಂದು ನಂಬಿ, ನಮ್ಮ ಮೋಟಾರು ಕಾರ್ಖಾನೆಯ ರಿಕ್ರಿಯೇಷನ್ ಕ್ಲಬ್ಬಿನ ಕಾರ್ಯದರ್ಶಿಯಾದ ನಾನು ಈ ಪತ್ರವನ್ನು ಅತ್ಯಂತ ಗೌರವದಿಂದ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಗೇಟಿನ ಪಕ್ಕದ ಸೂಚನಾ ಫಲಕಕ್ಕೂ ಅಂಟಿಸಬೇಕಾಗಿ ಬಂದಿರುವುದಕ್ಕೆ ಕ್ಷಮೆ ಇರಲಿ. ಇದೇ ವಿಷಯವಾಗಿ ಈ ತಿಂಗಳು ತಮಗೆ ಖಾಸಗಿಯಾಗಿ ಬರೆದ ಮೂರು ಪತ್ರಗಳಲ್ಲಿ ಒಂದು, ಎಡಗಡೆಯ ಅಂಚು ಒಂದಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆಯಿದೆ ಎಂಬ ಷರಾದೊಂದಿಗೆ ಹಿಂತಿರುಗಿತು. ಇನ್ನೊಂದು, ಮಡಿಕೆ ಸರಿಯಾಗಿ ನಡುವೆ ಬಿದ್ದಿಲ್ಲವೆಂದು ಹಿಂತಿರುಗಿತು. ಮೂರನೆಯದು ತಮ್ಮ ವಿಭಾಗದಲ್ಲಿ ಇನ್ನೂ ತಪಾಸಣೆಯಲ್ಲಿದೆಯಂತೆ.

ತಮ್ಮ ನಿಷ್ಠೆಯ ಬಗ್ಗೆ ಈ ಕಾರ್ಖಾನೆಯಲ್ಲಿ ಎರಡು ಮಾತಿಲ್ಲ. ತುಮಕೂರು ರಸ್ತೆಯ ಉದ್ದಕ್ಕೂ ಯಾವ ತೋಟದ ಬಾವಿಯ ಬಳಿ ನಿಂತು ಕೇಳಿದರೂ ನಮ್ಮ ಪಂಪಿನ ಮೋಟಾರು ನಡುಗದೆ ತಿರುಗುವುದು ಕೇಳಿಸುತ್ತದೆ. ಅದಕ್ಕೆ ಕಾರಣ ತಾವು ಇಪ್ಪತ್ತೆರಡು ವರ್ಷಗಳಿಂದ ಡೊಂಕಿರುವ ಒಂದೇ ಒಂದು ಶಾಫ್ಟನ್ನೂ ಒಳಗೆ ಬಿಡದೇ ಇರುವುದು, ಬಂದದ್ದನ್ನು ಒತ್ತುಯಂತ್ರವಾದ ಪ್ರೆಸ್ಸಿಗೆ ಕೊಟ್ಟು ನೆಟ್ಟಗೆ ಮಾಡಿಸಿಯೇ ಮುಂದಕ್ಕೆ ಕಳಿಸುವುದು. ಗೇಟಿನೊಳಗೆ ಬಂದ ಯಾವ ವಸ್ತುವೂ ತಮ್ಮ ಕೈ ತಪ್ಪಿಸಿ ಹೋಗಬಾರದೆಂಬ ನಿಯಮವನ್ನು ತಾವು ದೇವರಿಗೂ ಸಡಿಲಿಸಿದವರಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಗಣೇಶೋತ್ಸವದ ಮೂರ್ತಿಗೆ, ಒಂದು ದಂತ ಸಾಗಣೆಯಲ್ಲಿ ಮುರಿದಿದೆ ಎಂದು ಬರೆದು ಕೆಂಪು ಚೀಟಿ ಹಚ್ಚಿ ಅರ್ಧ ದಿನ ನಿಲ್ಲಿಸಿದಿರಿ. ಪುರೋಹಿತರು ಅದು ಮೊದಲಿನಿಂದಲೂ ಹಾಗೆಯೇ ಇದೆಯೆಂದು ಲಿಖಿತವಾಗಿ ಕೊಟ್ಟ ಮೇಲೆಯೇ ಗಣಪತಿ ಬಿಡುಗಡೆಯಾದ. ಆ ದಿನ ನಾವು ಯಾರೂ ಬೇಸರಪಡಲಿಲ್ಲ. ನಿಯಮ ನಿಯಮವೇ.

ಈಗ ವಿಷಯಕ್ಕೆ ಬರುತ್ತೇನೆ. ವೈಂಡಿಂಗ್ ವಿಭಾಗದಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೊಡಿಗೇಹಳ್ಳಿಯ ಕುಮಾರಿ ಗಂಗಾದೇವಿಯನ್ನು ತಾವು ಬಲ್ಲಿರಿ. ಮಹಿಳಾ ನೌಕರರನ್ನು ಸಾಹಸ ಕ್ರೀಡೆಗಳಿಗೆ ಕಳಿಸಬೇಕೆಂಬ ಸುತ್ತೋಲೆ ಬಂದಾಗ, ಕಬ್ಬಿನ ಹಾಲಿನ ಅಂಗಡಿಯ ಮಂಜುಗಡ್ಡೆಯ ಹೊರತು ಬೇರೆ ಹಿಮ ಕಂಡಿರದ ಈ ಹುಡುಗಿ ತಾನು ಹೋಗುವೆನೆಂದು ಕೈಯೆತ್ತಿದಳು. ಮನಾಲಿಯ ಮೇಲಿನ ಒಂದು ಶಿಬಿರದಲ್ಲಿ ಹದಿನೈದು ದಿನ ಕಲಿತು, ಪ್ರಾಥಮಿಕ ತರಬೇತಿಯಲ್ಲಿ ಮೊದಲ ದರ್ಜೆ ಪಡೆದು ಬಂದಳು. ಮುಂದಿನ ದರ್ಜೆಯ ತರಬೇತಿಗೆ ಸ್ವಂತ ಸ್ಕೀಗಳು ಬೇಕು. ಸ್ಕೀ ಎಂದರೆ ಹಿಮದ ಮೇಲೆ ಜಾರಲು ಬೂಟಿನ ಕೆಳಗೆ ಸಿಕ್ಕಿಸಿಕೊಳ್ಳುವ, ಮುಂದಿನ ತುದಿ ಮೇಲಕ್ಕೆ ಬಾಗಿರುವ, ಉದ್ದನೆಯ ಎರಡು ಪಟ್ಟಿಗಳು. ಅವನ್ನು ಕ್ಲಬ್ಬಿನಿಂದಲೇ ತರಿಸಿಕೊಡೋಣವೆಂದು ಕಳೆದ ವರ್ಷ ತೀರ್ಮಾನವಾಯಿತು. ಈ ದೂರಿನ ಮೂಲ ಇರುವುದು ಆ ತೀರ್ಮಾನದಲ್ಲಿ, ಮತ್ತು ಅದರಲ್ಲಿ ನನ್ನ ಪಾಲೂ ಇದೆ.

ಸ್ಕೀ ಆರಿಸುವ ಸಮಿತಿಯಲ್ಲಿ ನಾನೂ ಸ್ಟೋರ್ಸಿನ ಪಂಚಪ್ಪನವರೂ ಇದ್ದೆವು. ಸ್ಕೀ ಕಂಡವರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ. ಕಂಡಿದ್ದ ಗಂಗಾದೇವಿಯನ್ನು ಕೇಳುವುದು ಕ್ರಮವಲ್ಲವೆಂದು ಇಬ್ಬರಿಗೂ ತೋಚಿತು, ಏಕೆಂದರೆ ವಸ್ತುವನ್ನು ಬಳಸುವವರು ಖರೀದಿ ಸಮಿತಿಯಲ್ಲಿ ಕೂರುವ ಪದ್ಧತಿ ನಮ್ಮಲ್ಲಿಲ್ಲ. ದಿಲ್ಲಿಯ ವ್ಯಾಪಾರಿ ಕಳಿಸಿದ ಪಟ್ಟಿಯಲ್ಲಿ ನೂರೈವತ್ತು ಸೆಂಟಿಮೀಟರಿನಿಂದ ಇನ್ನೂರೈದರವರೆಗೆ ಅಳತೆಗಳಿದ್ದವು. ಶಾಲೆಗೆ ಹೋಗುವ ಮಕ್ಕಳಿಗೆ ಸಮವಸ್ತ್ರವನ್ನು ಎರಡು ವರ್ಷ ದೊಡ್ಡದಾಗಿಯೇ ಹೊಲಿಸುವವರು ನಾವು. ಪಂಚಪ್ಪನವರು ಕನ್ನಡಕ ಹಣೆಗೇರಿಸಿಕೊಂಡು, "ಉದ್ದ ಇದ್ದದ್ದನ್ನ ತರಸೂಣ್ರೀ. ಗಿಡ್ಡ ಬಂದ್ರ ಎಳದು ಉದ್ದ ಮಾಡಾಕ ಬರೂದಿಲ್ಲ" ಎಂದರು. ನಾನು ಅದರ ಕೆಳಗೆ ಸಹಿ ಹಾಕಿದೆ. ಹೀಗಾಗಿ ಐದಡಿ ಎತ್ತರದ, ನಲವತ್ತೇಳು ಕಿಲೋ ತೂಕದ ಗಂಗಾದೇವಿಗೆ ಸುಮಾರು ಏಳಡಿ ಉದ್ದದ ಸ್ಕೀಗಳು ಬಂದವು. ಅವಳು ಇನ್ನೂ ಬೆಳೆದರೆ ಸಾಲದೇ ಹೋದಾವೆಂಬ ಭಯ ನಮಗೆ ಉಳಿಯಲಿಲ್ಲ.

ಬಂದ ಸ್ಕೀಗಳು ನಿಯಮದಂತೆ ತಮ್ಮ ಕೋಣೆಗೆ ಹೋದವು. ಅಲ್ಲಿ ಏನಾಯಿತೆಂಬುದಕ್ಕೆ ತಮ್ಮದೇ ಸಹಿಯಿರುವ ವರದಿ ನನ್ನ ಮುಂದಿದೆ. ಒಂದೊಂದನ್ನೇ ಸರ್ಫೇಸ್ ಪ್ಲೇಟಿನ ಮೇಲೆ, ಅಂದರೆ ಶಾಫ್ಟುಗಳ ನೇರ ನೋಡುವ ಆ ಸಪಾಟು ಬೀಡುಕಬ್ಬಿಣದ ಮೇಜಿನ ಮೇಲೆ, ಮಲಗಿಸಿ ನೋಡಿದಾಗ ಎರಡು ತುದಿ ತಾಗಿ ನಡುವು ಮಾತ್ರ ಇಪ್ಪತ್ತೆರಡು ಮಿಲಿಮೀಟರ್ ಮೇಲೆದ್ದಿತ್ತು. ಶಾಫ್ಟಿನಲ್ಲಿ ಕೂದಲಿನಷ್ಟು ಡೊಂಕನ್ನು ಸಹಿಸದ ತಮಗೆ ಎರಡು ಬೆರಳು ನುಸುಳುವ ಸಂದು ಕಂಡಾಗ ಆಗಿರಬಹುದಾದ ನೋವನ್ನು ನಾನು ಊಹಿಸಬಲ್ಲೆ. 'ಎರಡೂ ಒಂದೇ ಪ್ರಮಾಣದಲ್ಲಿ ಬಾಗಿವೆ, ಒಟ್ಟಿಗೆ ಬಿದ್ದಿರುವ ಸಾಧ್ಯತೆ ಇದೆ' ಎಂದು ತಾವು ಬರೆದಿದ್ದೀರಿ. ಮಧ್ಯಭಾಗ ತುದಿಗಳಿಗಿಂತ ಅಗಲದಲ್ಲಿ ಕಡಿಮೆ ಇರುವುದಕ್ಕೆ 'ಬಳಸಿ ಸವೆದ ಮಾಲು' ಎಂದಿದ್ದೀರಿ. ಮುಂದಿನ ತುದಿಯ ಬಾಗನ್ನೂ ತೆಗೆಸಬೇಕೆಂದಿದ್ದಿರಂತೆ. ಯಾರೋ ಹಳೆಯ ಕ್ಯಾಲೆಂಡರಿನಲ್ಲಿದ್ದ ಸ್ಕೀಯ ಚಿತ್ರ ತೋರಿಸಿದ್ದರಿಂದ ಅದೊಂದು ಉಳಿಯಿತು.

ಆಮೇಲೆ ಅವು ಪ್ರೆಸ್ಸಿಗೆ ಹೋದವು. ಪ್ರೆಸ್ಸಿನ ಮಂಜೂರ್ ನಮ್ಮಲ್ಲಿ ಅತ್ಯಂತ ನುರಿತ ಕೆಲಸಗಾರ. ಅವನು ಮೂರು ಸಲ ಒತ್ತಿ, ಬೆವರೊರೆಸಿಕೊಂಡು ತಮ್ಮ ಬಳಿ ಬಂದು, "ಒತ್ತಿದಾಗ ನೆಟ್ಟಗಾಗ್ತೈತೆ ಸಾರ್, ಬಿಟ್ರೆ ಮತ್ತೆ ಎದ್ದು ಕೂತ್ಕೊಂತೈತೆ. ಇದು ಬೇಕಂತ್ಲೇ ಮಾಡಿರೋ ಹಂಗೈತೆ" ಎಂದ. ಇಡೀ ಕಾರ್ಖಾನೆಯಲ್ಲಿ ಸ್ಕೀಯ ಸ್ವಭಾವವನ್ನು ಆ ವರ್ಷ ಅರ್ಥ ಮಾಡಿಕೊಂಡ ಒಬ್ಬನೇ ವ್ಯಕ್ತಿ ಅವನು. ತಾವು ಅದನ್ನು ಸರಕಿನ ಹಟವೆಂದು ತಿಳಿದು, "ಹಂಗಾರ ಕಾಯಿಸಿ ಒತ್ತಪಾ" ಎಂದು ಆಜ್ಞಾಪಿಸಿದಿರಿ. ಎರಡು ಪಾಳಿ ಕಾಯಿಸಿ ಒತ್ತಿದ ಮೇಲೆ ಅದರ ಹಟ ಮುರಿಯಿತು. ಸಂದು ಅಳೆಯುವ, ಹಾಳೆಯಷ್ಟು ತೆಳ್ಳಗಿನ ಗೇಜೂ ಒಳನುಸುಳದಂತೆ ಸ್ಕೀಗಳು ಪ್ಲೇಟಿಗೆ ಅಂಟಿ ಮಲಗಿದವು. ತಾವು ಹಸಿರು ಚೀಟಿ ಹಚ್ಚಿದಿರಿ, ನಾನು ಧನ್ಯವಾದದ ಪತ್ರ ಬರೆದೆ. ಆ ಪತ್ರವನ್ನು ಇಂದು ಹಿಂದಕ್ಕೆ ಪಡೆಯಲು ಅನುಮತಿ ಕೋರುತ್ತೇನೆ.

ಹಿಮದ ಮೇಲೆ ಅವು ಹೇಗೆ ನಡೆದುಕೊಂಡವೆಂಬುದನ್ನು ಗಂಗಾದೇವಿ ನನಗೆ ಎರಡು ಸಲ ಹೇಳಿದ್ದಾಳೆ. ಎರಡೂ ಸಲ ನಗದೆ ಹೇಳಿದಳು. ಮೇಲೆ ನಿಂತು ತಿರುಗಲು ಮೊಣಕಾಲು ಬಾಗಿಸಿದಾಗ ಭಾರವೆಲ್ಲ ಪಾದದ ಕೆಳಗೇ ಉಳಿಯಿತು. ಸ್ಕೀಯ ಮುಂದಿನ ಭಾಗವಾಗಲಿ ಹಿಂದಿನ ಭಾಗವಾಗಲಿ ಹಿಮವನ್ನು ಕಚ್ಚಲಿಲ್ಲ. ಎಡಕ್ಕೆ ತಿರುಗಬೇಕಾದಲ್ಲಿ ಅವಳು ನೇರವಾಗಿ ಇಳಿದಳು, ಬಲಕ್ಕೆ ತಿರುಗಬೇಕಾದಲ್ಲಿಯೂ ನೇರವಾಗಿಯೇ ಇಳಿದಳು, ಮತ್ತು ಶಿಬಿರದ ಅಡುಗೆ ಡೇರೆಯನ್ನು ಒಂದು ಕಡೆಯಿಂದ ಹೊಕ್ಕು ಆಲೂಗಡ್ಡೆ ಮೂಟೆಗಳ ಮೇಲೆ ನಿಂತಳು. ನೇರಗೆರೆಯನ್ನು ಇಷ್ಟು ನಿಷ್ಠೆಯಿಂದ ಅನುಸರಿಸಿದ ಇಳಿತವನ್ನು ಆ ಬೆಟ್ಟ ಹಿಂದೆ ಕಂಡಿರಲಾರದು, ಅದರ ಪೂರ್ಣ ಶ್ರೇಯ ತಮ್ಮ ವಿಭಾಗಕ್ಕೆ ಸಲ್ಲಬೇಕು. ಅಲ್ಲಿನ ತರಬೇತುದಾರರು ಸ್ಕೀಗಳನ್ನು ನೆಲಕ್ಕಿಟ್ಟು, ಎರಡನ್ನೂ ತಳಕ್ಕೆ ತಳ ಸೇರಿಸಿ ಹಿಡಿದು ಬೆಳಕಿಗೆ ನೋಡಿ, ಇವುಗಳ ಪ್ರಾಣ ತೆಗೆದವರು ಯಾರು ಎಂದು ಕೇಳಿದರಂತೆ. ತನ್ನ ಕಾರ್ಖಾನೆಯ ಮರ್ಯಾದೆ ಕಾಯುವ ಹುಡುಗಿಯಾದ್ದರಿಂದ ಇವಳು, ರೈಲಿನಲ್ಲಿ ಯಾರೋ ಮೇಲೆ ಕೂತಿದ್ದರೆಂದಳು. ಆ ವರ್ಷದ ಫಲಿತಾಂಶದಲ್ಲಿ ಅವಳ ಹೆಸರಿನ ಮುಂದೆ 'ಮರುಪ್ರಯತ್ನ' ಎಂದು ಬಂತು.

ಆ ತರಬೇತುದಾರರು ಅವಳಿಗೆ ಹೇಳಿಕೊಟ್ಟ ವಿವರಗಳನ್ನು ಅವಳು ವೈಂಡಿಂಗ್ ವಿಭಾಗದ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದಾಳೆ. ಸಂಕ್ಷೇಪವಾಗಿ ತಮ್ಮ ಅವಗಾಹನೆಗೆ ತರುತ್ತೇನೆ. ಸ್ಕೀಯ ಉದ್ದ ಸ್ಟೋರ್ಸಿನವರ ಔದಾರ್ಯಕ್ಕಲ್ಲ, ನಿಲ್ಲುವವರ ಎತ್ತರ, ತೂಕ, ಕಲಿಕೆಗೆ ಹೊಂದಬೇಕು. ಇವಳಿಗೆ ತಲೆಯಿಂದ ನಾಲ್ಕು ಬೆರಳು ಮೇಲೆ ಬಂದರೆ ಸಾಕು, ಅಂದರೆ ನೂರ ಅರವತ್ತು ಸೆಂಟಿಮೀಟರ್. ಹಗುರ ಮೈಯವರಿಗೆ ಮೆತ್ತಗೆ ಬಾಗುವಂಥದ್ದು ಬೇಕು, ಬಿರುಸಾದದ್ದನ್ನು ಭಾರವಿರುವವರು, ವೇಗವಾಗಿ ಇಳಿಯುವವರು ಮಾತ್ರ ಬಗ್ಗಿಸಬಲ್ಲರು. ಇವಳು ಇಳಿಯುವ ರೀತಿ ಸಣ್ಣ ಸಣ್ಣ ತಿರುವುಗಳದ್ದು, ಹಾಗಾಗಿ ನಡು ಸಣ್ಣಗಿದ್ದಷ್ಟೂ ಒಳ್ಳೆಯದು. ತಾವು ಸವೆತವೆಂದದ್ದು ಈ ನಡುವನ್ನೇ. ಇನ್ನು ಹಿಮ. ಅದು ಒಂದೇ ದಿನದಲ್ಲಿ ಮೂರು ಜಾತಿಯದಾಗುತ್ತದೆ. ಹೊಸದಾಗಿ ಬಿದ್ದಾಗ ಅಕ್ಕಿ ಹಿಟ್ಟು, ಬೆಳಿಗ್ಗೆ ಗಟ್ಟಿಯಾದಾಗ ಮೊಸಾಯಿಕ್ ನೆಲ, ಮಧ್ಯಾಹ್ನ ಬಿಸಿಲಿಗೆ ಗಂಜಿ. ಇದು ಗಂಗಾದೇವಿಯ ಟಿಪ್ಪಣಿ, ತರಬೇತುದಾರರದ್ದಲ್ಲ. ಮೊಸಾಯಿಕ್‌ಗೆ ಅಂಚಿನ ಉಕ್ಕು ಹರಿತವಿರಬೇಕು, ಗಂಜಿಗೆ ತಳಕ್ಕೆ ಮೇಣ ಹಚ್ಚಿರಬೇಕು, ಹಿಟ್ಟಿಗೆ ಮುಂದಿನ ಭಾಗ ಮೆತ್ತಗಿರಬೇಕು. ಮತ್ತು ಎಲ್ಲಕ್ಕೂ ನಡುವೆ ಆ ಎರಡು ಬೆರಳಿನ ಸಂದು ಬೇಕೇ ಬೇಕು.

ಈ ಸಂಗತಿಯನ್ನು ಅವಳು ಕಳೆದ ಮಾರ್ಚಿನಲ್ಲಿ ತಮ್ಮ ಕೋಣೆಗೆ ಬಂದು ಹೇಳಿದಾಗ ನಾನೂ ಅಲ್ಲಿದ್ದೆ. ತಾವು ಕುರ್ಚಿ ತೋರಿಸಿ, ನೀರು ತರಿಸಿ, ಪೂರ್ತಿ ಕೇಳಿಸಿಕೊಂಡಿರಿ. ಬಳಿಕ, "ನಮ್ಮ ಪ್ಲೇಟಿನ ಮ್ಯಾಲೆ ನೆಟ್ಟಗಿತ್ತವ್ವಾ. ಅಲ್ಲಿ ಹಿಮಾಲಯದಾಗ ನೆಲಾನ ಡೊಂಕ ಇದ್ರ ನಾ ಏನ್ ಮಾಡ್ಲಿ?" ಎಂದಿರಿ. ಅದಕ್ಕೆ ಅವಳು, "ಅದು ಡೊಂಕಲ್ಲ ಸಾರ್. ನಾನು ಮೇಲೆ ನಿಂತಾಗ ನೆಟ್ಟಗಾಗ್ಲಿ ಅಂತ ಬಿಟ್ಟಿರೋ ಜಾಗ" ಎಂದಳು. ತಾವು ಆ ಮಾತನ್ನು ಕಾಗದದ ಮೇಲೆ ಬರೆದುಕೊಂಡದ್ದನ್ನು ನೋಡಿ ನಾನು ಸಂತೋಷಪಟ್ಟೆ. ಆಮೇಲೆ ತಿಳಿದದ್ದು, ತಾವು ಬರೆದುಕೊಂಡದ್ದು ಅವಳ ಟೋಕನ್ ನಂಬರು, ಕೆಲಸದ ಸಮಯದಲ್ಲಿ ಬೇರೆ ವಿಭಾಗಕ್ಕೆ ಬಂದದ್ದಕ್ಕಾಗಿ.

ಈ ವರ್ಷ ಸಮಿತಿ ಬೇಡವೆಂದು ನಾನೇ ಹೇಳಿದೆ. ತರಬೇತುದಾರರಿಗೆ ಅವಳ ಎತ್ತರ, ತೂಕ, ಹೋದ ವರ್ಷ ಬಿದ್ದ ರೀತಿ ಎಲ್ಲವನ್ನೂ ಬರೆದು ಕಳಿಸಿದೆವು. ಅವರು ತಾವೇ ಆರಿಸಿ, ಅಂಚು ಹರಿತ ಮಾಡಿಸಿ, ಮೇಣ ಹಚ್ಚಿ, ನೂರ ಅರವತ್ತರ ಒಂದು ಜೊತೆಯನ್ನು ರೈಲ್ವೆ ಪಾರ್ಸೆಲ್ಲಿನಲ್ಲಿ ಯಶವಂತಪುರಕ್ಕೆ ಕಳಿಸಿದರು. ಅದರ ಬೂಟು ಸಿಕ್ಕಿಸುವ ಕೀಲುಗಳನ್ನು ಅವಳ ಕಾಲಿಗೆ ಸರಿಪಡಿಸಿಕೊಂಡು ಒಂದು ವಾರ ತೊಟ್ಟು ನಿಂತು ಅಭ್ಯಾಸ ಮಾಡಲೆಂದು ಮೊದಲೇ ಕಳಿಸಿದ್ದು. ಕಾರ್ಖಾನೆಯ ವಿಳಾಸಕ್ಕೆ ಬಂದದ್ದರಿಂದ, ಈ ಹನ್ನೊಂದನೆಯ ತಾರೀಖಿನಿಂದ ಆ ಜೊತೆ ಕೆಂಪು ಚೀಟಿಯೊಂದಿಗೆ ತಮ್ಮ ಕೋಣೆಯಲ್ಲಿದೆ. ಚೀಟಿಯಲ್ಲಿ ಮೂರು ದೋಷಗಳಿವೆ: ನಡು ಹದಿನೆಂಟು ಮಿಲಿಮೀಟರ್ ಎದ್ದಿದೆ, ಪ್ರೆಸ್ಸಿಗೆ ಕೊಡಬೇಕು; ಅಂಚು ಕೈ ಕುಯ್ಯುವಂತಿದೆ, ಅರದಿಂದ ಉಜ್ಜಿ ಮೊಂಡು ಮಾಡಬೇಕು; ತಳ ಜಿಡ್ಡಾಗಿದೆ, ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಆಯ್ಕೆಯಲ್ಲಿ ಏನೇನು ಸರಿಯಾಗಿದೆ ಎಂಬುದರ ಇಷ್ಟು ಪೂರ್ಣವಾದ ಪಟ್ಟಿಯನ್ನು ಆರಿಸಿದವರೂ ಬರೆದಿರಲಿಲ್ಲ.

ಆ ಶಿಬಿರದ ನಿಯಮದಂತೆ ಎರಡು ಪ್ರಯತ್ನಗಳಿಗೆ ಮಾತ್ರ ಅವಕಾಶ. ಇದು ಗಂಗಾದೇವಿಯ ಎರಡನೆಯದು. ಗೆದ್ದರೆ ಬೇರೆಯವರಿಗೆ ಕಲಿಸುವ ತರಬೇತಿಗೆ ಅರ್ಹಳಾಗುತ್ತಾಳೆ. ಸೋತರೆ ಜೀವಮಾನವಿಡೀ ತಂತಿ ಸುತ್ತುವುದರಲ್ಲಿ ಯಾವ ಅವಮಾನವೂ ಇಲ್ಲ, ಆದರೆ ಒಮ್ಮೆ ಗಾಳಿಯಂತೆ ಇಳಿದವಳಿಗೆ ಅದು ಸಾಕಾಗದು. ಇಪ್ಪತ್ತಮೂರರ ಸಂಜೆ ದಿಲ್ಲಿಯ ರೈಲು. ಟಿಕೆಟ್ ಅವಳ ಕೈಯಲ್ಲಿದೆ, ಸ್ಕೀ ತಮ್ಮ ಕೈಯಲ್ಲಿದೆ.

ಅವಳ ತಾಯಿ ಮುನಿಕೃಷ್ಣಮ್ಮನವರು ಶನಿವಾರ ಕ್ಲಬ್ಬಿಗೆ ಬಂದಿದ್ದರು. ಅವರ ತಂದೆ ಕೊಡಿಗೇಹಳ್ಳಿಯಿಂದ ಮಲ್ಲೇಶ್ವರಕ್ಕೆ ಬಿದಿರಿನ ಅಡ್ಡೆಯ ಎರಡು ತುದಿಗೂ ಹಾಲಿನ ಕ್ಯಾನು ತೂಗುಹಾಕಿ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರಂತೆ. ಆ ತಾಯಿ ನನ್ನಿಂದ ವಿಷಯವೆಲ್ಲ ಕೇಳಿ, "ಅಡ್ಡೆ ಬಳುಕ್ಲಿ ಅಂತ್ಲೇ ಬಿದ್ರು ಆಕಾದು ಸಾಮಿ. ಅದು ಬಳುಕ್ದೆ ಇದ್ರೆ ಎಗಲು ಮುರ್ದೋಯ್ತದೆ. ಇಷ್ಟು ಗೊತ್ತಾಗಕ್ಕೆ ಆಫೀಸರ್ ಆಗ್ಬೇಕಾ?" ಎಂದರು. ಈ ಪ್ರಶ್ನೆಯನ್ನು ಸೂಕ್ತ ಮಾರ್ಗದಲ್ಲಿ ತಮಗೆ ತಲುಪಿಸುವುದಾಗಿ ಮಾತು ಕೊಟ್ಟಿದ್ದೆ, ತಲುಪಿಸಿದ್ದೇನೆ.

ಆದರೂ ತಮ್ಮ ತತ್ವದ ಮೇಲೆ ನನಗೆ ನಂಬಿಕೆಯಿದೆ. ಅದು ಅರ್ಧದಲ್ಲಿ ನಿಲ್ಲಬಾರದೆಂಬುದಷ್ಟೇ ನನ್ನ ವಿನಂತಿ. ತಾವು ದಿನವೂ ಯಲಹಂಕದಿಂದ ಬರುವ ಕಾರ್ಖಾನೆಯ ಬಸ್ಸಿನ ಕೆಳಗೆ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳಿವೆ. ಅವು ಸ್ಕೀಗಿಂತ ಹೆಚ್ಚು ಡೊಂಕು. ಅವನ್ನು ಮೊದಲು ಬಿಚ್ಚಿಸಿ ನೆಟ್ಟಗೆ ಮಾಡಿಸಿ, ಹೆಬ್ಬಾಳದ ಗುಂಡಿಗಳ ಮೇಲೆ ಒಂದು ವಾರ ಪ್ರಯಾಣ ಮಾಡಿ, ಬೆನ್ನುಮೂಳೆಯ ಸ್ಥಿತಿಯ ಬಗ್ಗೆ ವರದಿ ಕೊಡಬೇಕೆಂದು ಪ್ರಾರ್ಥನೆ. ತರುವಾಯ ಹೆಬ್ಬಾಳ ಕೆರೆಯ ಏರಿ ಇದೆ. ಕಟ್ಟಿದವರು ಸರ್ಫೇಸ್ ಪ್ಲೇಟ್ ಕಾಣದವರಾದ್ದರಿಂದ ಅದು ನೀರಿನ ಕಡೆಗೆ ಬಾಗಿಯೇ ಹೋಗಿದೆ. ನಂದಿಬೆಟ್ಟ ಪ್ಲೇಟಿನ ಮೇಲೆ ಕೂರುವುದಿಲ್ಲ, ಆದರೆ ಪ್ಲೇಟನ್ನೇ ಬೆಟ್ಟದ ಮೇಲೆ ಕೂರಿಸಬಹುದು. ಹಿಮ ಸರಬರಾಜು ಮಾಡುವವರು ಬೆಳಿಗ್ಗೆ ಒಂದು ಮಾಲು ಮಧ್ಯಾಹ್ನ ಒಂದು ಮಾಲು ಕೊಡುತ್ತಿರುವುದಕ್ಕೆ ಕಾರಣ ಕೇಳಿ ನೋಟೀಸು ಕಳಿಸಬೇಕು. ವಿಳಾಸವನ್ನು ಮೋಡಗಳಿಂದ ಪಡೆಯಬಹುದು. ಕೊನೆಯದಾಗಿ, ಹೇಳಲು ಸಂಕೋಚವಾಗುತ್ತದೆ, ತಾವು ಈ ಪತ್ರವನ್ನು ಓದುತ್ತಿರುವ ಕನ್ನಡಕದ ಗಾಜುಗಳು ಎರಡೂ ಉಬ್ಬಾಗಿವೆ. ಅವನ್ನು ಪ್ರೆಸ್ಸಿಗೆ ಕೊಡುವ ಮುಂಚೆ ದಯವಿಟ್ಟು ಇದರ ಕಡೆಯ ಪ್ಯಾರಾವನ್ನು ಓದಿ ಮುಗಿಸಿ.

ಕಡೆಯ ಪ್ಯಾರಾ ಇಷ್ಟೇ. ಆ ಜೊತೆಯನ್ನು ಒತ್ತದೆ, ಉಜ್ಜದೆ, ತೊಳೆಯದೆ, ಹೇಗೆ ಬಂದಿದೆಯೋ ಹಾಗೆಯೇ ಇಪ್ಪತ್ತಮೂರರ ಮಧ್ಯಾಹ್ನ ನಾಲ್ಕರೊಳಗೆ ಬಿಡುಗಡೆ ಮಾಡಬೇಕು. ತಮಗೆ ಆತ್ಮಸಾಕ್ಷಿಯ ತೊಂದರೆಯಾದರೆ, ಚೀಟಿಯಲ್ಲಿ 'ಡೊಂಕಿದೆ, ನೋಡಿದ್ದೇನೆ, ಹೋಗಲಿ' ಎಂದು ಬರೆದು ಸಹಿ ಮಾಡಬಹುದು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲ ಹಾಗೆ ಬರೆದರೆ ನಮ್ಮ ಮೋಟಾರುಗಳು ನಡುಗಲಾರವು.

ನೇರವಾಗಿ ನಡೆಯಲು ಯತ್ನಿಸುತ್ತಿರುವ,
ತಮ್ಮ ವಿಶ್ವಾಸಿ,
ವೆಂಕಟೇಶಪ್ಪ
ಕಾರ್ಯದರ್ಶಿ, ರಿಕ್ರಿಯೇಷನ್ ಕ್ಲಬ್

ವಿ.ಸೂ. (೨೪ ಜನವರಿ): ಈ ಪತ್ರವನ್ನು ನಾಲ್ಕು ದಿನ ತಡವಾಗಿ ಫಲಕಕ್ಕೆ ಅಂಟಿಸುತ್ತಿದ್ದೇನೆ. ತಡಕ್ಕೆ ಕಾರಣ ತಮ್ಮ ವಿಭಾಗದ ದಕ್ಷತೆ; ಅದರ ವರದಿ ಬರಲೆಂದು ಕಾಯುತ್ತಿದ್ದೆ. ಇಂದು ಬೆಳಿಗ್ಗೆ ತಾವು ಸಹಿ ಮಾಡಿ ಕಳಿಸಿದ ತಪಾಸಣಾ ವರದಿ ಕೈ ಸೇರಿತು. 'ಪ್ರೆಸ್ಸಿನ ಕೆಲಸ ತೃಪ್ತಿಕರ. ಸಂದು ಸೊನ್ನೆ. ಅಂಚು ಹರಿತವಿಲ್ಲ. ಜಿಡ್ಡಿಲ್ಲ. ಮುಂದಿನ ತುದಿಯ ಡೊಂಕನ್ನೂ ಹೇಳದೆಯೇ ತೆಗೆದಿರುವುದು ಶ್ಲಾಘನೀಯ' ಎಂದು ಓದಿ ಕಣ್ತುಂಬಿ ಬಂತು. ಪ್ರೆಸ್ಸಿನಿಂದ ಮರಳಿದ ಸ್ಕೀಗಳೆಂದು ತಾವು ನಿನ್ನೆ ಇಳಿಹೊತ್ತಿನಲ್ಲಿ ಖುದ್ದಾಗಿ ಅಳೆದು ಹಸಿರು ಚೀಟಿ ಹಚ್ಚಿದ ಆ ಎರಡು ವಸ್ತುಗಳು ಕ್ಯಾಂಟೀನಿನ ತಟ್ಟೆಗಳನ್ನು ಜೋಡಿಸಲೆಂದು ನಮ್ಮ ಬಡಗಿ ವಿಭಾಗದವರು ನಯ ಮಾಡಿಟ್ಟಿದ್ದ ಹಲಸಿನ ಹಲಗೆಗಳು. ಅದೇ ಹೊತ್ತಿಗೆ ಗಂಗಾದೇವಿಯ ಸ್ಕೀಗಳು, ತಾಯಿಯ ಹಳೆಯ ಸೀರೆ ಸುತ್ತಿಕೊಂಡು, ಹದಿನೆಂಟು ಮಿಲಿಮೀಟರ್ ಡೊಂಕನ್ನು ಪೂರ್ತಿ ಉಳಿಸಿಕೊಂಡು ದಿಲ್ಲಿಯ ರೈಲು ಹತ್ತಿದವು. 'ಹಲಗೆ, ಎರಡು' ಎಂದಿರುವ ಗೇಟ್ ಪಾಸಿನಲ್ಲಿ ನನ್ನ ಸಹಿಯೊಂದೇ ಇದೆ, ಬೇರೆ ಯಾರನ್ನೂ ಕೇಳುವ ಅಗತ್ಯವಿಲ್ಲ. ಈ ಬಗ್ಗೆ ವಿಚಾರಣೆ ನಡೆಯಬೇಕಾದರೆ ಸ್ಕೀಗಳು ಕಾಣೆಯಾಗಿವೆಯೆಂದು ಯಾರಾದರೂ ಮೊದಲು ದೂರು ಕೊಡಬೇಕು; ಅವು ತಮ್ಮ ಕೋಣೆಯಲ್ಲೇ ಅತ್ಯುತ್ತಮ ಸ್ಥಿತಿಯಲ್ಲಿವೆ ಎಂಬುದಕ್ಕೆ ತಮ್ಮ ಸಹಿಯೇ ಸಾಕ್ಷಿ. ತಮ್ಮ ಸಹಿಯನ್ನು ಸುಳ್ಳೆನ್ನುವ ಧೈರ್ಯ ಈ ಕಾರ್ಖಾನೆಯಲ್ಲಿ ತಮ್ಮನ್ನು ಬಿಟ್ಟರೆ ಯಾರಿಗಿದೆ? ಕ್ಯಾಂಟೀನಿನವರು ಮಾತ್ರ ತಟ್ಟೆಗಳನ್ನು ನೆಲದ ಮೇಲೆ ಪೇರಿಸಿಕೊಂಡು ಕೂತಿದ್ದಾರೆ. ತಪಾಸಣೆ ಮುಗಿದಿರುವುದರಿಂದ, ಅವರ ಸ್ಕೀಗಳನ್ನು ದಯವಿಟ್ಟು ಇಂದೇ ಬಿಡುಗಡೆ ಮಾಡಿ.